ಮುಂಗಾಲುಗಳ ಬಳಲಿಕೆ

ಕಳೆದ ಆಷಾಢದಲ್ಲಿ, ಅಕ್ಕನನ್ನು ಉಜಿರೆಯ ಅವಳ ಮನೆಗೆ ಬಿಟ್ಟುಬರಲೆಂದು ಹಾಸನದಿಂದ ಹೊರಟು, ಬೇಲೂರು ಮೂಡಿಗೆರೆಗಳನ್ನು ಹಾದು, ಕೊಟ್ಟಿಗೆಹಾರದಲ್ಲಿ ಒಂದು ಲೋಟ ಕಾಫಿ ಕುಡಿದು, ಮಂಜು ಕವಿದ ಚಾರ್ಮಾಡಿ ಘಾಟಿಯ ಮೊದಲ ತಿರುವುಗಳನ್ನು ಇಳಿಯುತ್ತಿದ್ದಾಗ, ಅದುವರೆಗೆ ಮೌನವಾಗಿ ಕುಳಿತು ಹೊರಗಿನ ಝರಿಗಳನ್ನು ನೋಡುತ್ತಿದ್ದ ಅವಳು, ಮಗ್ಗುಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ತಮ್ಮಾ, ಬ್ರೇಕು ಹಾಕಿದಾಗಲೆಲ್ಲ ನಿನ್ನ ಕಾರು ಮೊಣಕಾಲೂರುವ ಹಾಗೆ ಮುಂದಕ್ಕೆ ಬಾಗ್ತದಲ್ಲ, ಹೋದ ಸಲ ಹೀಗಿರಲಿಲ್ಲ” ಎಂದಳು. ನಾನು ದಾರಿಯ ದೋಷವೆಂದೆ, ಮಳೆಯ ದೋಷವೆಂದೆ, ಇಳಿಜಾರಿನಲ್ಲಿ ಎಲ್ಲ ವಾಹನಗಳೂ ಹೀಗೆಯೇ ಎಂದೆ. ಆದರೆ ಮಾತನ್ನು ಮುಗಿಸುವ ಮುನ್ನವೇ ಒಂದು ಗುಂಡಿಗೆ ಇಳಿದೆದ್ದ ಕಾರು, ಎದ್ದ ಮೇಲೆಯೂ ಸುಮ್ಮನಾಗದೆ ಎರಡು ಮೂರು ಬಾರಿ ತೊಟ್ಟಿಲಿನಂತೆ ತೂಗಿ, ಎಡಗಡೆಯ ಮುಂಚಕ್ರದ ಮೇಲಿನಿಂದ ‘ಟಕ್’ ಎಂಬ ಒಂದು ಒಣಶಬ್ದವನ್ನು ಹೊರಡಿಸಿತು. ಆ ಶಬ್ದ ನನಗೆ ಹೊಸದಲ್ಲವೆಂಬುದು ಆ ಕ್ಷಣದಲ್ಲಿ ನೆನಪಾಯಿತು. ಹಲವು ತಿಂಗಳುಗಳಿಂದ ಅದನ್ನು ಕೇಳುತ್ತಲೇ ಇದ್ದೆ. ಆದರೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಕ್ಕ ಆ ಕಾರಿನಲ್ಲಿ ಕುಳಿತದ್ದು ಎರಡು ವರುಷಗಳ ತರುವಾಯ. ನಾನು ಕುಳಿತದ್ದು ಪ್ರತಿದಿನವೂ. ಈ ಒಂದು ಅಂತರದಲ್ಲಿಯೇ ನಾನು ಇಲ್ಲಿ ಹೇಳಬೇಕೆಂದಿರುವ ವಿಷಯವೆಲ್ಲ ಅಡಗಿದೆ. ಟೈರು ಒಡೆದರೆ ಅದು ಒಡೆದ ಗಳಿಗೆಯಲ್ಲೇ ಗೊತ್ತಾಗುತ್ತದೆ. ಬ್ಯಾಟರಿ ಸತ್ತರೆ ಕಾರು ಬೆಳಿಗ್ಗೆ ಎಚ್ಚರಗೊಳ್ಳುವುದೇ ಇಲ್ಲ. ಆದರೆ ಮುಂಚಕ್ರಗಳ ಮೇಲೆ ನಿಂತಿರುವ ಆ ಜೋಡಿ ಕೊಳವೆಗಳು, ಸ್ಟ್ರಟ್ ಎಂದು ಯಂತ್ರಶಾಸ್ತ್ರಜ್ಞರೂ ಮುಂದಿನ ಶಾಕ್ ಎಂದು ನಮ್ಮ ಗ್ಯಾರೇಜಿನವರೂ ಕರೆಯುವ ಆ ಅಂಗಗಳು, ಒಂದು ದಿನಕ್ಕೆ ಒಂದು ಕೂದಲೆಳೆಯಷ್ಟು ಮಾತ್ರ ತಮ್ಮ ಸತ್ತ್ವವನ್ನು ಕಳೆದುಕೊಳ್ಳುತ್ತ ಹೋಗುವುದರಿಂದ, ಚಾಲಕನ ಕೈಕಾಲುಗಳೂ ಅಷ್ಟೇ ನಿಧಾನವಾಗಿ ಅವುಗಳ ದೌರ್ಬಲ್ಯಕ್ಕೆ ಹೊಂದಿಕೊಳ್ಳುತ್ತ ಹೋಗುತ್ತವೆ. ಅವನು ತನಗರಿಯದೆಯೇ ಬ್ರೇಕನ್ನು ಸ್ವಲ್ಪ ಮುಂಚಿತವಾಗಿ ಒತ್ತುತ್ತಾನೆ, ರಸ್ತೆಯುಬ್ಬನ್ನು ಹಿಂದಿಗಿಂತ ನಿಧಾನವಾಗಿ ದಾಟುತ್ತಾನೆ, ತಿರುವಿನಲ್ಲಿ ಸ್ಟಿಯರಿಂಗನ್ನು ಎರಡು ಸಲ ತಿದ್ದುತ್ತಾನೆ. ಇಷ್ಟೆಲ್ಲ ಮಾಡಿಯೂ ತನ್ನ ವಾಹನ ಕೊಂಡ ದಿನದಂತೆಯೇ ಇದೆಯೆಂದು ಪ್ರಾಮಾಣಿಕವಾಗಿ ನಂಬಿರುತ್ತಾನೆ. ನಾನೂ ಹಾಗೆಯೇ ನಂಬಿದ್ದೆ. ಓಡೋಮೀಟರಿನ ಲೆಕ್ಕದಲ್ಲಿ ನನ್ನ ಕಾರು ಆ ವೇಳೆಗೆ 1,10,000 ಕಿಲೋಮೀಟರುಗಳನ್ನು ದಾಟಿತ್ತು, ಮುಂದಿನ ಸ್ಟ್ರಟ್‌ಗಳು ಕಾರ್ಖಾನೆಯಿಂದ ಬಂದವೇ ಆಗಿದ್ದವು.

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಚಕ್ರ ಗುಂಡಿಗೆ ಇಳಿದೇಳುವಾಗ ಆ ಹೊಡೆತವನ್ನು ತನ್ನೊಳಗೆ ಅಡಗಿಸಿಕೊಳ್ಳುವುದೂ ಅದೇ. ಆದರೆ ಸ್ಪ್ರಿಂಗಿನ ಸ್ವಭಾವವೇನೆಂದರೆ, ತೆಗೆದುಕೊಂಡ ಶಕ್ತಿಯನ್ನು ಅದು ಇಟ್ಟುಕೊಳ್ಳದು. ಮರುಕ್ಷಣವೇ ಹಿಂದಿರುಗಿಸುತ್ತದೆ, ಹಿಂದಿರುಗಿಸಿದ್ದನ್ನು ಮತ್ತೆ ತೆಗೆದುಕೊಳ್ಳುತ್ತದೆ. ಹೀಗೆ ಬಿಟ್ಟರೆ ಒಂದೇ ಗುಂಡಿಯ ನೆನಪಿನಲ್ಲಿ ಕಾರಿನ ಒಡಲು ಸೆಕೆಂಡಿಗೆ ಒಂದು ಒಂದೂವರೆ ಬಾರಿಯ ಲಯದಲ್ಲಿ ಬಹುದೂರದವರೆಗೆ ಏರಿಳಿಯುತ್ತಲೇ ಇರುವುದು. ಈ ಆಂದೋಲನವನ್ನು ಶಮನಗೊಳಿಸುವುದಕ್ಕಾಗಿ ಸ್ಪ್ರಿಂಗಿನ ನಡುವೆ ಒಂದು ಉಕ್ಕಿನ ಕೊಳವೆ, ಕೊಳವೆಯಲ್ಲಿ ಎಣ್ಣೆ, ಎಣ್ಣೆಯಲ್ಲಿ ಮುಳುಗಿ ಮೇಲಕ್ಕೂ ಕೆಳಕ್ಕೂ ಚಲಿಸುವ ಒಂದು ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ರಂಧ್ರಗಳು, ಆ ರಂಧ್ರಗಳ ಬಾಯಿಗೆ ತೆಳುವಾದ ಉಕ್ಕಿನ ಬಿಲ್ಲೆಗಳು. ಚಕ್ರ ಏರಿದಾಗ ಎಣ್ಣೆ ಆ ಸಂದುಗಳ ಮೂಲಕ ಒತ್ತಾಯದಿಂದ ನುಸುಳಬೇಕು, ಇಳಿದಾಗ ಇನ್ನೂ ಹೆಚ್ಚಿನ ಒತ್ತಾಯದಿಂದ ನುಸುಳಬೇಕು. ಹಾಗೆ ನುಸುಳುವಾಗ ಚಲನೆಯೆಲ್ಲ ಶಾಖವಾಗಿ ಮಾರ್ಪಟ್ಟು ಕೊಳವೆಯ ಗೋಡೆಯ ಮೂಲಕ ಗಾಳಿಗೆ ಸೇರಿಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತಾರು ಮೈಲಿ ಬಂದ ಕಾರಿನ ಶಾಕ್ ಅಬ್ಸಾರ್ಬರನ್ನು ಮುಟ್ಟಿದರೆ ಅದು ಬೆಚ್ಚಗಿರುವುದು ಇದೇ ಕಾರಣಕ್ಕೆ. ರಸ್ತೆಯ ಗುಂಡಿಗಳೆಲ್ಲ ಅಲ್ಲಿ ಶಾಖವಾಗಿ ಕರಗಿರುತ್ತವೆ.

ಶಾಕ್ ಅಬ್ಸಾರ್ಬರುಗಳು ಪ್ರಯಾಣಿಕರ ಸುಖಕ್ಕಾಗಿ ಇರುವ ಒಂದು ಸೌಲಭ್ಯ, ಅವು ಸೋತರೆ ಸ್ವಲ್ಪ ಕುಲುಕಾಟ ಹೆಚ್ಚೀತು, ಅಷ್ಟನ್ನು ಸಹಿಸಿಕೊಂಡರಾಯಿತು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದು ಅಪಾಯಕರವಾದ ಭಾವನೆ. ಚಕ್ರ ನೆಲವನ್ನು ಬಿಡದಂತೆ ನೋಡಿಕೊಳ್ಳುವುದೇ ಅವುಗಳ ಮೊದಲ ಧರ್ಮ. ನಾಲ್ಕು ಟೈರುಗಳು ನೆಲವನ್ನು ಸ್ಪರ್ಶಿಸುವ ಸ್ಥಳ ಒಂದೊಂದಕ್ಕೂ ಹೆಚ್ಚುಕಡಮೆ ಒಂದು ಅಂಗೈಯಷ್ಟು ಮಾತ್ರ; ಬ್ರೇಕು ಎಷ್ಟೇ ಬಲವಾಗಿರಲಿ, ಸ್ಟಿಯರಿಂಗು ಎಷ್ಟೇ ಹಗುರವಾಗಿರಲಿ, ಅವುಗಳ ಆಜ್ಞೆ ನೆಲಕ್ಕೆ ತಲಪುವುದು ಆ ನಾಲ್ಕು ಅಂಗೈಗಳ ಮೂಲಕವೇ. ಶಮನಶಕ್ತಿ ಕುಂದಿದ ಚಕ್ರ, ಉಬ್ಬುತಗ್ಗಿನ ಹಾದಿಯಲ್ಲಿ, ಸೆಕೆಂಡಿಗೆ ಹತ್ತು ಹನ್ನೆರಡು ಬಾರಿ ನೆಗೆಯುತ್ತದೆ. ನೆಗೆದಾಗಲೆಲ್ಲ ಅದರ ಹಿಡಿತ ಕ್ಷೀಣವಾಗುತ್ತದೆ. ಹಿಡಿತವಿಲ್ಲದ ಚಕ್ರಕ್ಕೆ ಬ್ರೇಕು ಹಾಕುವುದೆಂದರೆ ಗಾಳಿಗೆ ಬ್ರೇಕು ಹಾಕಿದಂತೆ. ಒಂದು ಪಕ್ಕಕ್ಕೆ ಬಂಡೆ, ಇನ್ನೊಂದು ಪಕ್ಕಕ್ಕೆ ಮೋಟುಗೋಡೆಯಾಚೆಯ ಕಣಿವೆ ಇರುವ ಘಾಟಿಯ ತಿರುವಿನಲ್ಲಿ, ಎದುರಿನಿಂದ ಮಂಜನ್ನು ಸೀಳಿಕೊಂಡು ಬಸ್ಸೊಂದು ಬರುವಾಗ, ನನಗೆ ಬೇಕಾದದ್ದು ಆ ಹಿಡಿತ. ನಾನು ಕಳೆದುಕೊಂಡು ಕುಳಿತಿದ್ದುದೂ ಅದನ್ನೇ. ಆ ದಿನ ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಅಕ್ಕ ಇದ್ದಳೆಂಬುದನ್ನು ನೆನೆದರೆ ಈಗಲೂ ಮನಸ್ಸು ಅಳುಕುತ್ತದೆ.

ಹಿಂಚಕ್ರದ ಶಾಕ್ ಅಬ್ಸಾರ್ಬರಿಗಿಂತ ಮುಂಚಕ್ರದ ಸ್ಟ್ರಟ್ಟಿನ ಹೊರೆ ದೊಡ್ಡದು. ಇದರ ಹಿಂದೆ ಒಬ್ಬ ಅಮೆರಿಕನ್ ಎಂಜಿನಿಯರನ ಮಿತವ್ಯಯದ ಬುದ್ಧಿಯಿದೆ. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ, ಜನರಲ್ ಮೋಟರ್ಸ್ ಸಂಸ್ಥೆಯ ಷೆವ್ರೊಲೆ ವಿಭಾಗದಲ್ಲಿ ಕೆಡೆಟ್ ಎಂಬ ಹಗುರವಾದ, ಅಗ್ಗದ ಕಾರೊಂದನ್ನು ರೂಪಿಸುತ್ತಿದ್ದ ಅರ್ಲ್ ಮ್ಯಾಕ್‌ಫರ್ಸನ್, ಮುಂಚಕ್ರವನ್ನು ಮೇಲೊಂದು ಕೆಳಗೊಂದು ತೋಳುಗಳಿಂದ ಹಿಡಿಯುವ ವಾಡಿಕೆಯನ್ನು ಬಿಟ್ಟು, ಮೇಲಿನ ತೋಳನ್ನು ಪೂರ್ತಿಯಾಗಿ ತೆಗೆದುಹಾಕಿ, ಶಾಕ್ ಅಬ್ಸಾರ್ಬರನ್ನೇ ದಪ್ಪಗೊಳಿಸಿ ಅದರ ಸ್ಥಾನದಲ್ಲಿ ಕಂಬದಂತೆ ನಿಲ್ಲಿಸುವ ಯೋಚನೆ ಮಾಡಿದ. ಇದನ್ನು ಹೋಲುವ ಕಲ್ಪನೆ 1920ರ ದಶಕದಲ್ಲಿಯೇ ಇಟಲಿಯ ಫಿಯಟ್ ಸಂಸ್ಥೆಯ ಗ್ವಿಡೋ ಫೋರ್ನಾಕಾ ಎಂಬವರಿಗೆ ಹೊಳೆದಿತ್ತಾದರೂ ಲೋಕದಲ್ಲಿ ಬಳಕೆಗೆ ಬಂದದ್ದು ಮ್ಯಾಕ್‌ಫರ್ಸನ್ನನ ಹೆಸರಿನಿಂದಲೇ. 1947ರಲ್ಲಿ ಕೆಡೆಟ್ ಯೋಜನೆಯನ್ನು ಕೈಬಿಟ್ಟಾಗ ಅವನು ಫೋರ್ಡ್ ಸಂಸ್ಥೆಗೆ ಹೋದ. ಅವನ ವಿನ್ಯಾಸ 1950ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಫೋರ್ಡಿನ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಮೈತಳೆಯಿತು. ನಮ್ಮಲ್ಲಿ ಬಹುಕಾಲ ರಸ್ತೆಗಳನ್ನು ಆಳಿದ ಅಂಬಾಸಡರಿನ ಮುಂಭಾಗ ತಿರುಚುವ ಉಕ್ಕಿನ ಸರಳುಗಳ ಮೇಲೆ ನಿಂತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಕಂಬಗಾಲು ನಮ್ಮ ಮಧ್ಯಮವರ್ಗದ ಮನೆಮನೆಯ ಅಂಗಳಕ್ಕೂ ಬಂದಿತು. ಇಂದು ನಮ್ಮ ಊರುಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಅದಿಲ್ಲದ ಕಾರನ್ನು ಹುಡುಕಬೇಕು.

ಮಿತವ್ಯಯಕ್ಕೆ ತೆರಬೇಕಾದ ಬೆಲೆಯೊಂದಿದೆ. ಹಿಂದಿನ ಶಾಕ್ ಅಬ್ಸಾರ್ಬರು ಕೇವಲ ಏರಿಳಿತವನ್ನು ತಡೆದರೆ ಸಾಕು. ಮುಂದಿನ ಸ್ಟ್ರಟ್ಟಾದರೋ, ಅದರ ಜೊತೆಗೆ ಚಕ್ರವನ್ನು ನೆಟ್ಟಗೆ ನಿಲ್ಲಿಸಬೇಕು, ಬ್ರೇಕಿನ ಎಳೆತವನ್ನು ತಾಳಬೇಕು, ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡಕ್ಕೆ ಮೈಕೊಡಬೇಕು, ಸ್ಟಿಯರಿಂಗು ತಿರುಗಿದಾಗ ತಾನೂ ತನ್ನ ಅಕ್ಷದ ಮೇಲೆ ತಿರುಗಬೇಕು. ಪಕ್ಕದ ಒತ್ತಡ ಬಿದ್ದಾಗಲೆಲ್ಲ, ಪಿಸ್ಟನ್ನನ್ನು ಹೊತ್ತ, ನುಣುಪಾಗಿ ಕ್ರೋಮ್ ಲೇಪಿಸಿದ ಸರಳು ತನ್ನ ಬುಶ್ಶಿನ ಒಂದು ಪಾರ್ಶ್ವವನ್ನು ಉಜ್ಜುತ್ತದೆ, ಬುಶ್ಶು ಸವೆದಂತೆ ಎಣ್ಣೆಯನ್ನು ತಡೆಯುವ ಸೀಲು ಸಡಿಲವಾಗುತ್ತದೆ, ಎಣ್ಣೆ ಒಸರುತ್ತದೆ, ಒಳಗೆ ತುಂಬಿದ್ದ ಸಾರಜನಕ ಅನಿಲವೂ ತಪ್ಪಿಸಿಕೊಂಡರೆ, ಉಳಿದ ಎಣ್ಣೆ ಕಡೆದ ಮಜ್ಜಿಗೆಯಂತೆ ನೊರೆಗಟ್ಟುತ್ತದೆ, ನೊರೆಗೆ ಪ್ರತಿರೋಧವೆಂಬುದಿಲ್ಲ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಒಂದು ಕಿಲೋಮೀಟರು ಸಾಗಲು 90 ಸೆಕೆಂಡು ಬೇಕು. ಸೆಕೆಂಡಿಗೆ ಒಂದೇ ಬಾರಿ ಪಿಸ್ಟನ್ನು ಚಲಿಸಿತೆಂದು ಅತಿ ಕಡಮೆಯ ಲೆಕ್ಕ ಹಿಡಿದರೂ, ನನ್ನ ಕಾರಿನ ಒಂದೊಂದು ಸ್ಟ್ರಟ್ಟೂ ಆ ವೇಳೆಗೆ ಒಂದು ಕೋಟಿಗೆ ಸಮೀಪದಷ್ಟು ಬಾರಿ ಏರಿಳಿದಿತ್ತು. ಸಾಮಾನ್ಯವಾಗಿ 80,000 ಕಿಲೋಮೀಟರು ಆದೊಡನೆ ಪರೀಕ್ಷಿಸಿ ಬದಲಿಸುವುದು ಮೇಲೆಂದು ಬಲ್ಲವರು ಹೇಳುತ್ತಾರೆ; ಮಳೆಗಾಲದ ಮಲೆನಾಡಿನಲ್ಲಿ ಅಷ್ಟು ದೂರ ಕಾಯಲಾಗದು.

ನನ್ನ ಕಣ್ಣಿಗೆ ಲಕ್ಷಣಗಳು ಬಿದ್ದಿರಲಿಲ್ಲವೆಂದಲ್ಲ. ಬಿದ್ದವಕ್ಕೆಲ್ಲ ಬೇರೆ ಬೇರೆ ಹೆಸರು ಕೊಟ್ಟಿದ್ದೆ. ಒಂದು ವರುಷದ ಹಿಂದೆ ಮುಂದಿನ ಟೈರುಗಳ ಮೇಲೆ ಕೈಯಾಡಿಸಿದಾಗ, ಸವೆತ ಸಮನಾಗಿರದೆ, ಚಮಚದಿಂದ ಅಲ್ಲಲ್ಲಿ ಕೆತ್ತಿ ತೆಗೆದಂತೆ ಗುಳಿಗುಳಿಯಾಗಿತ್ತು. ಟೈರಿನ ಗುಣವೇ ಹೀಗೆಂದು ತಿಳಿದು ಎರಡು ಹೊಸ ಟೈರುಗಳನ್ನು ಕೊಂಡೆ. ನೆಗೆನೆಗೆದು ನೆಲವನ್ನು ಬಡಿಯುವ ಚಕ್ರ ಟೈರನ್ನು ಹಾಗೆ ಕೆತ್ತುತ್ತದೆಂಬುದು ಆಗ ತಿಳಿಯಲಿಲ್ಲ, ಹೊಸ ಟೈರುಗಳೂ ಕೆಲವೇ ತಿಂಗಳುಗಳಲ್ಲಿ ಅದೇ ದಾರಿ ಹಿಡಿದವು. ಮುಂಭಾಗ ಕುಸಿದಂತೆ ಕಂಡಾಗ, ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ, ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರಿನ ಬಫರುಗಳನ್ನು ಹಾಕಿಸಿದ್ದೆ. ಕಾರು ಒಂದಿಷ್ಟು ಎತ್ತರವಾಯಿತು, ಗಡುಸಾಯಿತು. ಆ ಗಡುಸುತನವನ್ನೇ ಆರೋಗ್ಯವೆಂದು ಭ್ರಮಿಸಿದೆ. ಸ್ಪ್ರಿಂಗಿನ ಬಲ ಹೆಚ್ಚಿದರೆ ಅದನ್ನು ಹತೋಟಿಯಲ್ಲಿಡಬೇಕಾದ ಶಾಕ್ ಅಬ್ಸಾರ್ಬರಿನ ಬಲವೂ ಹೆಚ್ಚಬೇಕು. ಸೋತ ಶಾಕ್ ಅಬ್ಸಾರ್ಬರಿನ ಎದುರಿಗೆ ಗಡುಸಾದ ಸ್ಪ್ರಿಂಗನ್ನು ನಿಲ್ಲಿಸುವುದು, ಮುದುಕನ ಕೈಗೆ ಇನ್ನೂ ತುಂಟ ಎತ್ತನ್ನು ಕೊಟ್ಟಂತೆ.

ಉಜಿರೆಯಿಂದ ಹಿಂದಿರುಗಿದ ಮೂರನೆಯ ದಿನ, ಹಾಸನದಲ್ಲಿ ನಾನು ಇಪ್ಪತ್ತು ವರುಷಗಳಿಂದ ಬಲ್ಲ ಮೇಸ್ತ್ರಿಯೊಬ್ಬರ ಬಳಿಗೆ ಹೋದೆ. ಅವರ ಮಗಳು ನನ್ನ ಶಾಲೆಯಲ್ಲಿ ಓದಿದವಳು. ಆ ಸಲುಗೆಯಿಂದ ಅವರು ನನ್ನನ್ನು ಇಂದಿಗೂ ಮೇಷ್ಟ್ರೇ ಎಂದೇ ಕರೆಯುತ್ತಾರೆ. ಅವರು ಮೊದಲು ಬಾನೆಟ್ಟಿನ ಒಂದು ಮೂಲೆಯ ಮೇಲೆ ಎರಡೂ ಕೈಯೂರಿ ಭಾರ ಹಾಕಿ ಒತ್ತಿ ಥಟ್ಟನೆ ಬಿಟ್ಟರು. ಸ್ವಸ್ಥವಾದ ಕಾರು ಒಮ್ಮೆ ಮೇಲೆದ್ದು ನಿಲ್ಲಬೇಕು. ನನ್ನದು ಎದ್ದು, ಇಳಿದು, ಮತ್ತೆ ಎದ್ದು, ಆಮೇಲೆ ನಿಂತಿತು. “ಇದೊಂದನ್ನೇ ನಂಬಬಾರದು ಮೇಷ್ಟ್ರೇ, ಎಷ್ಟೋ ಸಲ ಹೋಗಿರೋ ಶಾಕೂ ಇದ್ರಲ್ಲಿ ಪಾಸಾಗ್ಬಿಡುತ್ತೆ” ಎಂದರು. ಕೈಯ ಒತ್ತುವಿಕೆ ನಿಧಾನದ ಚಲನೆ, ಗುಂಡಿಯ ಹೊಡೆತ ಶೀಘ್ರದ ಚಲನೆ. ಒಂದಕ್ಕೆ ತಡೆಯೊಡ್ಡುವ ಪಿಸ್ಟನ್ನು ಇನ್ನೊಂದಕ್ಕೆ ಒಡ್ಡೀತೆಂಬ ಭರವಸೆಯಿಲ್ಲ. ಅನಂತರ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಟಾರ್ಚು ಹಿಡಿದು, ಚಕ್ರದ ಹಿಂದೆ ಇಣುಕಿ ನೋಡುವಂತೆ ನನಗೆ ಹೇಳಿದರು. ಕೊಳವೆಯ ಮೇಲ್ತುದಿಯಲ್ಲಿ ತೆಳ್ಳನೆಯ ತೇವವಿದ್ದರೆ ಅದು ದೋಷವಲ್ಲ, ಸರಳಿನೊಂದಿಗೆ ಒಂದಿಷ್ಟು ಎಣ್ಣೆಯ ಪಸೆ ಹೊರಬರುವುದು ಸಹಜ. ಆದರೆ ನನ್ನ ಕಾರಿನಲ್ಲಿ ಎಣ್ಣೆ ಕೆಳಗಿನ ಬೋಲ್ಟುಗಳ ತನಕ ಹರಿದು, ಧೂಳಿನೊಡನೆ ಬೆರೆತು, ಕಪ್ಪು ಹೆಪ್ಪಾಗಿತ್ತು. ಕೊನೆಯಲ್ಲಿ ನನ್ನ ಕೈಯನ್ನು ಬಾನೆಟ್ಟಿನ ಒಳಗೆ ಸ್ಟ್ರಟ್ಟಿನ ಮೇಲ್ತುದಿಯ ಮೇಲಿರಿಸಿ, ಹುಡುಗನಿಂದ ಸ್ಟಿಯರಿಂಗನ್ನು ತಿರುಗಿಸಿದರು. ಸ್ಪ್ರಿಂಗು ಒಮ್ಮೆ ಬಿಗಿದು, ಜಾರಿ, ‘ಟಂಯ್’ ಎಂದು ಮಿಡಿದದ್ದು ಬೆರಳುಗಳಿಗೆ ಸ್ಪಷ್ಟವಾಗಿ ತಾಗಿತು: ಮೇಲಿನ ಮೌಂಟಿಂಗಿನ ಬೇರಿಂಗು ಸಿಕ್ಕಿಕೊಂಡಿತ್ತು, ರಬ್ಬರು ಸೀಳಿತ್ತು. ಘಾಟಿಯಲ್ಲಿ ಕೇಳಿದ ‘ಟಕ್’ ಅದರದೇ.

ಒಂದು ಪಕ್ಕದ್ದು ಮಾತ್ರ ಸೋರುತ್ತಿದೆಯಲ್ಲ, ಅದೊಂದನ್ನು ಬದಲಿಸಿದರೆ ಸಾಲದೆ ಎಂದು ನಾನು ಕೇಳಿದೆ; ಈ ಪ್ರಶ್ನೆಯನ್ನು ನನ್ನಂತೆ ಕೇಳದವರು ವಿರಳವೆಂದು ತೋರುತ್ತದೆ. ಎಡಗಾಲು ಹೊಸತಾಗಿ ಬಲಗಾಲು ಹಳೆಯದಾದರೆ ಕಾರು ಬ್ರೇಕು ಹಾಕಿದಾಗ ಓರೆಯಾಗಿ ಬಾಗುತ್ತದೆ, ಎರಡು ಪಕ್ಕಗಳ ತಿರುವಿನಲ್ಲಿ ಎರಡು ಬಗೆಯ ನಡತೆ ತೋರುತ್ತದೆ. ಆದ್ದರಿಂದ ಇವನ್ನು ಜೋಡಿಯಾಗಿಯೇ ಬದಲಿಸಬೇಕು. ಸ್ಟ್ರಟ್ಟನ್ನು ಹೇಗೂ ಬಿಚ್ಚಿದ ಮೇಲೆ, ಮೌಂಟಿಂಗು, ಬೇರಿಂಗು, ಬಂಪ್ ಸ್ಟಾಪರು, ಧೂಳಿನ ತೊಗಲು ಇವೆಲ್ಲವನ್ನೂ ಅದರೊಂದಿಗೇ ಹೊಸದಾಗಿ ಹಾಕುವುದು ವಿವೇಕ, ಏಕೆಂದರೆ ಅವಕ್ಕೂ ವಯಸ್ಸು ಅಷ್ಟೇ ಆಗಿರುತ್ತದೆ, ಮತ್ತೆ ಅವಕ್ಕಾಗಿ ಬಿಚ್ಚುವ ಕೂಲಿ ಮೊದಲಿನಷ್ಟೇ ಬೀಳುತ್ತದೆ. ಹಳೆಯದಕ್ಕೇ ರಂಧ್ರ ಕೊರೆದು, ಎಣ್ಣೆ ಹುಯ್ದು, ಬೆಸುಗೆ ಹಾಕಿ, ಬಣ್ಣ ಬಳಿದು ಕೊಡುವವರೂ ಇದ್ದಾರೆ. ಆ ಎಣ್ಣೆಯ ಸ್ನಿಗ್ಧತೆ ಎಷ್ಟೋ, ಬೆಸುಗೆಯ ಶಾಖದಲ್ಲಿ ಸೀಲಿನ ಗತಿ ಏನೋ. ಸವೆದ ಬುಶ್ಶಂತೂ ಸವೆದೇ ಇರುತ್ತದೆ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ವಿಚಾರಿಸಿದರೆ ಅಗ್ಗಕ್ಕೆ ಸಿಕ್ಕೀತೆಂದು ಸ್ನೇಹಿತರೊಬ್ಬರು ಸೂಚಿಸಿದರು; ಬಿಡಿಭಾಗಗಳಿಗೆ ಅದು ನಾಡಿಗೇ ಹೆಸರಾದ ಬೀದಿಯೆಂಬುದು ನಿಜ. ಆದರೆ ಮೇಸ್ತ್ರಿ, ಬಿಲ್ಲೂ ಗ್ಯಾರಂಟಿಯೂ ಇರುವ ಮೊಹರಿನ ಮಾಲನ್ನೇ ತರಿಸೋಣವೆಂದರು, ನಾನು ಒಪ್ಪಿದೆ. ಎಲ್ಲ ಸೇರಿ ಖರ್ಚು, ನಾನು ತಪ್ಪು ತಿಳಿದು ಕೊಂಡಿದ್ದ ಆ ಎರಡು ಟೈರುಗಳ ಬೆಲೆಗಿಂತ ಅಷ್ಟೇನೂ ಹೆಚ್ಚಾಗಲಿಲ್ಲ.

ಕೆಲಸ ನಡೆದ ದಿನ ಬೆಳಗಿನಿಂದ ನಾನು ಅಲ್ಲಿಯೇ ಒಂದು ಸ್ಟೂಲಿನ ಮೇಲೆ ಕುಳಿತಿದ್ದೆ. ಕಾರನ್ನು ಜ್ಯಾಕಿನಿಂದ ಎತ್ತಿ, ಜ್ಯಾಕನ್ನೇ ನಂಬದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಬ್ರೇಕಿನ ಹೋಸನ್ನು ಸ್ಟ್ರಟ್ಟಿನ ಕೊಂಡಿಯಿಂದ ಬಿಡಿಸಿದರು. ಕೆಳಗಿನ ಎರಡು ದಪ್ಪ ಬೋಲ್ಟುಗಳನ್ನು ಸಡಿಲಿಸುವ ಮುನ್ನ ಅವು ಕುಳಿತಿದ್ದ ಸ್ಥಾನವನ್ನು ಸೀಮೆಸುಣ್ಣದಿಂದ ಗುರುತು ಹಾಕಿಕೊಂಡದ್ದನ್ನು ನಾನು ವಿಶೇಷವಾಗಿ ಗಮನಿಸಿದೆ, ಏಕೆಂದರೆ ಚಕ್ರದ ಓರೆ ಆ ಬೋಲ್ಟುಗಳ ಅಂಗುಲದ ಕಿಂಚಿದಂಶವನ್ನು ಅವಲಂಬಿಸಿರುತ್ತದೆ. ಬಿಡಿಸಿದ ಚಕ್ರದ ಗುಬ್ಬವನ್ನು ಜೋತುಬೀಳಲು ಬಿಡದೆ ತಂತಿಯಿಂದ ಕಟ್ಟಿದರು. ಅದರ ಭಾರ ಬ್ರೇಕಿನ ಹೋಸಿನ ಮೇಲೆ ಬಿದ್ದರೆ ಹೋಸು ಒಳಗೊಳಗೇ ಹರಿಯುತ್ತದೆ, ಹೊರಕ್ಕೆ ವಾಲಿದರೆ ಡ್ರೈವ್ ಶಾಫ್ಟಿನ ಕೀಲು ಕಳಚಿಕೊಳ್ಳುತ್ತದೆ.

ಆಮೇಲೆ ಬಂದದ್ದು ಇಡೀ ಕಾರ್ಯದ ಭಯಂಕರ ಘಟ್ಟ. ಬೆಂಚಿನ ಮೇಲಿಟ್ಟ ಸ್ಟ್ರಟ್ಟಿನಲ್ಲಿ ಸ್ಪ್ರಿಂಗು ಇನ್ನೂ ಸೆಟೆದುಕೊಂಡೇ ಇರುತ್ತದೆ. ಅದನ್ನು ಹಿಡಿದಿರುವುದು ಮೇಲಿನ ಒಂದೇ ಒಂದು ನಟ್ಟು. ಸ್ಪ್ರಿಂಗನ್ನು ಕುಗ್ಗಿಸದೆ ಆ ನಟ್ಟನ್ನು ಬಿಚ್ಚಿದರೆ, ಮೌಂಟಿಂಗು ಗುಂಡಿನಂತೆ ಹಾರಿ ಎದುರಿಗಿದ್ದವನ ಮುಖವನ್ನೇ ಒಡೆದೀತು. ಮೇಸ್ತ್ರಿ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಕೂರಿಸಿ, ಒಂದೊಂದು ಪಕ್ಕಕ್ಕೂ ಕೆಲವೇ ಸುತ್ತುಗಳಂತೆ ಸರದಿಯಿಂದ ಬಿಗಿಯುತ್ತ, ಇನ್ನೂರು ಮುನ್ನೂರು ಕಿಲೋ ತೂಕದ ಬಲವನ್ನು ಅಂಗುಲಂಗುಲವಾಗಿ ಅಂಕೆಗೆ ತರುತ್ತಿದ್ದಾಗ ಗ್ಯಾರೇಜಿನಲ್ಲಿ ಯಾರೂ ಮಾತನಾಡಲಿಲ್ಲ. ಕೆಲಸ ಕಲಿಯುತ್ತಿದ್ದ ಹುಡುಗ ಹತ್ತಿರ ಬಾಗಿದಾಗ ಮಾತ್ರ, “ಲೋ, ನೆಟ್ಟಗೆ ಅದರ ತಲೆ ಎದುರಿಗೆ ನಿಂತ್ಕೋಬೇಡ, ಪಕ್ಕಕ್ಕೆ ಬಾ” ಎಂದು ಗದರಿದರು. ಬೆಲೆ ಉಳಿಸುವುದಕ್ಕಾಗಿ ಮನೆಯಂಗಳದಲ್ಲಿ ಹಗ್ಗ ತಂತಿಗಳಿಂದ ಈ ಕೆಲಸಕ್ಕೆ ಕೈಹಾಕುವವರು ಆ ಒಂದು ಗಳಿಗೆಯನ್ನು ಕಣ್ಣಾರೆ ನೋಡಬೇಕು. ಸ್ಪ್ರಿಂಗು ಹೊರಬಂದೊಡನೆ ಅವರು ಅದರ ಸುತ್ತುಗಳನ್ನು ಒರೆಸಿ, ಬಿರುಕಿಲ್ಲವೆಂದು ಖಚಿತಪಡಿಸಿಕೊಂಡು, ರಬ್ಬರಿನ ಬಫರುಗಳನ್ನು ಕಿತ್ತು ಮೂಲೆಗೆ ಎಸೆದರು.

ಅನಂತರ ಹಳೆಯ ಸ್ಟ್ರಟ್ಟನ್ನು ನನ್ನ ಕೈಗೆ ಕೊಟ್ಟು ಒತ್ತಿ ನೋಡಿ ಎಂದರು. ಸರಳು ಮೊದಲ ಎರಡಂಗುಲ ಯಾವ ತಡೆಯೂ ಇಲ್ಲದೆ ಇಳಿಯಿತು. ಬಳಿಕ ಒಳಗೆಲ್ಲೋ ಗುಳುಗುಳು ಸದ್ದಾಯಿತು. ಕೈಬಿಟ್ಟರೆ ಇಳಿದಲ್ಲಿಯೇ ನಿಂತಿತು, ಬೆರಳಿನಿಂದ ಅಲುಗಿಸಿದರೆ ಪಕ್ಕಕ್ಕೆ ಓಲಾಡಿತು. ಹೊಸದನ್ನು ಒತ್ತಲು ನನ್ನ ಇಡೀ ಮೈಯ ಭಾರ ಬೇಕಾಯಿತು. ಕೈಬಿಟ್ಟಾಗ ಅದು ಯಾವ ಆತುರವೂ ಇಲ್ಲದೆ, ಒಂದೇ ಸಮನಾದ ಗತಿಯಲ್ಲಿ, ದೀರ್ಘವಾಗಿ ಉಸಿರೆಳೆದುಕೊಳ್ಳುವವನ ಎದೆಯಂತೆ ಮೇಲೇರಿ ಬಂದಿತು. ಎರಡನ್ನೂ ಅಕ್ಕಪಕ್ಕದಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ಮೊದಲ ದಿನ ನನ್ನ ಕಾರಿನಲ್ಲಿದ್ದುದೂ ಇಂಥದೇ. ಹೊಸದು ಹಳೆಯದಾದ ಒಂದು ಗಳಿಗೆಯನ್ನು ಗುರುತಿಸಿ ಹೇಳೆಂದರೆ ನನ್ನಿಂದಾಗದು.

ಹೊಸ ಸ್ಟ್ರಟ್ಟನ್ನು ನೆಟ್ಟಗೆ ನಿಲ್ಲಿಸಿ ನಾಲ್ಕಾರು ಬಾರಿ ಒತ್ತಿ ಎಳೆದು ಒಳಗಿನ ಗಾಳಿಯನ್ನು ಮೇಲಕ್ಕೆ ಕಳಿಸಿದ ಮೇಲೆಯೇ ಅದನ್ನು ಜೋಡಿಸಿದರು. ಮೇಲಿನ ನಟ್ಟನ್ನು ಬಿಗಿಯುವಾಗ ಸರಳು ತಾನೂ ತಿರುಗತೊಡಗಿತು. ಹುಡುಗ ಇಕ್ಕಳದಿಂದ ಸರಳನ್ನು ಹಿಡಿಯಲು ಹೋದಾಗ ಮೇಸ್ತ್ರಿ ಅವನ ಕೈತಡೆದು, ತುದಿಯ ಚೌಕಕ್ಕೆ ಸ್ಪ್ಯಾನರು ಕೊಟ್ಟು ಹಿಡಿಸಿದರು. ಕ್ರೋಮಿನ ಮೇಲೆ ಇಕ್ಕಳದ ಹಲ್ಲಿನ ಒಂದು ಗೀರು ಬಿದ್ದರೆ, ಆ ಗೀರು ಪ್ರತಿ ಏರಿಳಿತದಲ್ಲಿಯೂ ಸೀಲನ್ನು ಗರಗಸದಂತೆ ಕೊಯ್ಯುವುದು. ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದಲೇ ಮಾಡಿದರು. ಎರಡು ಪಕ್ಕವೂ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಮೂರು ಗಂಟೆ.

ವೀಲ್ ಅಲೈನ್‌ಮೆಂಟಿಗೆ ಬೇರೊಂದು ಕಡೆಗೆ ಹೋಗಬೇಕಾಗಿತ್ತು. ಸ್ಟ್ರಟ್ಟು ಬದಲಾದ ಮೇಲೆ ಚಕ್ರದ ಓರೆಯೂ ದಿಕ್ಕೂ ಎಷ್ಟೇ ಎಚ್ಚರ ವಹಿಸಿದರೂ ಕೊಂಚ ವ್ಯತ್ಯಾಸವಾಗುತ್ತವೆ. ಅದನ್ನು ತಿದ್ದಿಸದೆ ಬಿಟ್ಟರೆ ಹೊಸ ಸ್ಟ್ರಟ್ಟಿನ ಮೇಲೆ ಹೊಸ ಟೈರೂ ಸವೆದುಹೋಗುವುದು. ಅದು ಮುಗಿದ ಮೇಲೆ ಬೇಲೂರು ರಸ್ತೆಯಲ್ಲಿ ಹತ್ತು ಕಿಲೋಮೀಟರು ಓಡಿಸಿಕೊಂಡು ಬಂದೆವು. ದಿನವೂ ನಾನು ಹೆದರಿ ನಿಧಾನಿಸುತ್ತಿದ್ದ ಉಬ್ಬನ್ನು ಕಾರು ಒಮ್ಮೆ ಏರಿ ಒಮ್ಮೆ ಇಳಿದು ಅಲ್ಲಿಗೇ ಮರೆತುಬಿಟ್ಟಿತು. ನನ್ನ ಬಲಗಾಲು ಮಾತ್ರ ಹಳೆಯ ಅಭ್ಯಾಸದಿಂದ ಬ್ರೇಕನ್ನು ಮುಂಚಿತವಾಗಿಯೇ ಹುಡುಕುತ್ತಿತ್ತು. ಅದು ಆ ಭಯವನ್ನು ಬಿಡಲು ಒಂದು ವಾರ ಹಿಡಿಯಿತು.

ಗ್ಯಾರೇಜಿಗೆ ಹಿಂದಿರುಗಿದಾಗ ಮೇಸ್ತ್ರಿ ಬಾನೆಟ್ಟನ್ನು ಎತ್ತಿ, ನಟ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಸಣ್ಣ ಕುಂಚವೊಂದನ್ನು ತರಿಸಿ, ಸ್ಟ್ರಟ್ಟಿನ ತಲೆಯ ಪಕ್ಕದಲ್ಲಿ ಬಿಳಿಯ ಬಣ್ಣದಿಂದ ಆ ದಿನದ ತಾರೀಖನ್ನೂ 1,12,460 ಎಂಬ ಅಂಕಿಯನ್ನೂ ಬರೆದರು. “ಇದು ಹೋಗೋದು ನಿಮಗೆ ಗೊತ್ತಾಗಲ್ಲ ಮೇಷ್ಟ್ರೇ, ಅದಕ್ಕೇ ಬರೆದಿಟ್ಟಿದೀನಿ” ಎಂದರು. ಆ ರಾತ್ರಿ ಅಕ್ಕನಿಗೆ ಫೋನು ಮಾಡಿ, ಇನ್ನು ಮೇಲೆ ವರುಷಕ್ಕೊಮ್ಮೆಯಾದರೂ ನನ್ನ ಪಕ್ಕದ ಆಸನದಲ್ಲಿ ಕುಳಿತು ಘಾಟಿ ಇಳಿದು, ಅನಿಸಿದ್ದನ್ನು ಮುಚ್ಚಿಡದೆ ಹೇಳಬೇಕೆಂದು ಕೇಳಿಕೊಂಡೆ. “ಆಯ್ತು ಮಾರಾಯ, ದಸರೆಗೆ ಕರಕೊಂಡು ಹೋಗಲಿಕ್ಕೆ ಬಾ” ಎಂದಳು.